ಎಲ್ ಫಾಶರ್‌ನ ಜನ ಶೇಂಗಾ ಹಿಂಡಿ ತಿಂದರು

ನಮ್ಮ ಕಡೆ ಶೇಂಗಾ ಹಿಂಡಿ ಅಂದ್ರೆ ದನದ ಮೇವು. ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುತ್ತಲ್ಲ, ಅದು. ಹಾಲು ಕೊಡುವ ಎಮ್ಮೆಗೆ ನೆನೆಸಿ ಇಡುತ್ತೇವೆ. ಸುಡಾನಿನಲ್ಲಿ ಅದಕ್ಕೆ ಅಂಬಾಜ್ ಅನ್ನುತ್ತಾರೆ. 2025ರಲ್ಲಿ ಅಲ್ಲಿನ ಡಾರ್ಫರ್ ಪ್ರದೇಶದ ಎಲ್ ಫಾಶರ್ ಅನ್ನೋ ಊರಿನ ಜನ ಅದನ್ನೇ ತಿಂದು ಜೀವ ಹಿಡಿದುಕೊಂಡಿದ್ದರು. ಮಕ್ಕಳಿಗೂ ಅದೇ. ಆಮೇಲಾಮೇಲೆ ಅದೂ ಸಿಗದಂತಾಯಿತು. ಆರ್‌ಎಸ್‌ಎಫ್ ಅನ್ನುವ ಅರೆಸೇನಾ ಪಡೆ 500 ದಿನಕ್ಕೂ ಜಾಸ್ತಿ ಆ ಊರನ್ನು ಸುತ್ತುಗಟ್ಟಿ ಕೂತಿತ್ತು.

ಈ ಊರಿನ ಹೆಸರು ನಾವು ಮೊದಲೇ ಕೇಳಿದ್ದೇವೆ. ನೆನಪಿದೆಯಾ? 2023ರ ಏಪ್ರಿಲ್, ಇಲ್ಲಿ ವಿಧಾನಸಭೆ ಚುನಾವಣೆಯ ಗದ್ದಲ. ಗಿಡಮೂಲಿಕೆ, ಎಣ್ಣೆ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನ ಎಲ್ ಫಾಶರ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಬಾಡಿಗೆ ಮನೆಯೊಳಗೆ ಅನ್ನ ನೀರಿಲ್ಲ, ಹೊರಗೆ ಗುಂಡಿನ ಸದ್ದು. ನಾವೆಲ್ಲ ಹಪಹಪಿಸಿದೆವು. ಆಪರೇಷನ್ ಕಾವೇರಿಯಲ್ಲಿ 3,800ಕ್ಕೂ ಹೆಚ್ಚು ಭಾರತೀಯರನ್ನು ಸುಡಾನಿನಿಂದ ಕರೆತಂದರು. ಅದು ನಿಜಕ್ಕೂ ದೊಡ್ಡ ಕೆಲಸ. ಆದರೆ ನಮ್ಮವರು ಬಂದಿಳಿದ ಮೇಲೆ ಆ ಊರನ್ನು ನಾವು ಮರೆತುಬಿಟ್ಟೆವು. ಅಕ್ಕಪಕ್ಕದ ಮನೆಗಳಲ್ಲಿದ್ದವರು ಅಲ್ಲೇ ಉಳಿದರು.

ಸುಡಾನಿನ ಈ ಯುದ್ಧವನ್ನು ‘ಇಬ್ಬರು ಸೇನಾನಾಯಕರ ಜಗಳ’ ಅಂತ ಬರೆದು ಮುಗಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ದೇಶ ಇನ್ನೇನು ಪ್ರಜಾಪ್ರಭುತ್ವದ ಹೊಸ್ತಿಲು ದಾಟುವುದರಲ್ಲಿತ್ತು. 2018ರ ಡಿಸೆಂಬರ್‌ನಲ್ಲಿ ಬ್ರೆಡ್ಡಿನ ಬೆಲೆ ಮೂರು ಪಟ್ಟಾಯಿತು. ಅತ್ಬಾರಾ ಅನ್ನುವ ರೈಲ್ವೆ ಊರಿನಲ್ಲಿ ಜನ ಬೀದಿಗಿಳಿದರು. ನಾಲ್ಕೇ ತಿಂಗಳಿಗೆ, 30 ವರ್ಷ ಆಳಿದ್ದ ಒಮರ್ ಅಲ್ ಬಷೀರ್ ಬಿದ್ದ. ಅದಾದ ಮೇಲೆ ಅತ್ಬಾರಾದಿಂದ ರಾಜಧಾನಿ ಖಾರ್ಟೂಮ್‌ಗೆ ಒಂದು ರೈಲು ಬಂತು. ಒಳಗೆ ಜಾಗವಿಲ್ಲದೆ ಬೋಗಿಗಳ ಮೇಲೆಲ್ಲ ಬಾವುಟ ಹಿಡಿದ ಹುಡುಗರು. ಆ ವಿಡಿಯೊ ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅಲ್ಲಿ ಸೇನಾ ಕಚೇರಿ ಎದುರು ಸಾವಿರಾರು ಜನ ಆಗಲೇ ಕೂತಿದ್ದರು. ಗೋಡೆ ತುಂಬ ಚಿತ್ರ, ರಾತ್ರಿಯೆಲ್ಲ ಹಾಡು. ಅವರ ಬಾಯಲ್ಲಿದ್ದದ್ದು ಒಂದೇ ಮಾತು, ‘ಮದನಿಯಾ’. ನಾಗರಿಕರ ಸರ್ಕಾರ ಬೇಕು, ಅಷ್ಟೇ.

2019ರ ಜೂನ್ 3, ರಂಜಾನ್ ಮುಗಿಯುವ ಹೊತ್ತು. ಬೆಳಗಿನ ಜಾವ ಪಡೆಗಳು ಆ ಜನರ ಮೇಲೆ ಬಿದ್ದವು. ನೂರಕ್ಕೂ ಹೆಚ್ಚು ಜನ ಸತ್ತರು. ನೈಲ್ ನದಿಯಿಂದ 40 ಹೆಣ ತೆಗೆದಿದ್ದಾರೆ ಅಂತ ಅಲ್ಲಿನ ವೈದ್ಯರ ಸಂಘಟನೆ ಹೇಳಿತು. ಕೆಲವು ಹೆಣ ಮುಳುಗಲಿ ಅಂತ ಇಟ್ಟಿಗೆ ಕಟ್ಟಿದ್ದರು. ಸುದ್ದಿ ಹೊರಗೆ ಹೋಗಬಾರದೆಂದು ಸುಮಾರು ಐದು ವಾರ ಇಂಟರ್ನೆಟ್ ನಿಲ್ಲಿಸಿದರು.

ಜಗತ್ತು ಏನು ಮಾಡಿತು? ಸತ್ತವರ ನೆನಪಿಗೆ ನಾವೆಲ್ಲ ಪ್ರೊಫೈಲ್ ಚಿತ್ರ ನೀಲಿ ಮಾಡಿಕೊಂಡೆವು. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಒಂದು ಖಂಡನೆಯ ಹೇಳಿಕೆ ತರಲು ಹೋದರೆ ಚೀನಾ, ರಷ್ಯಾ ತಡೆದವು. ಬಷೀರ್ ಬಿದ್ದ ಮೇಲೆ ಅಧಿಕಾರ ಹಿಡಿದಿದ್ದ ಸೇನಾ ಮಂಡಳಿಗೆ ಸೌದಿ ಮತ್ತು ಯುಎಇ 300 ಕೋಟಿ ಡಾಲರ್ ನೆರವು ಕೊಡುತ್ತೇವೆಂದು ಏಪ್ರಿಲ್‌ನಲ್ಲೇ ಹೇಳಿದ್ದವು. ಆಫ್ರಿಕನ್ ಯೂನಿಯನ್ ಮಾತ್ರ ಮೂರೇ ದಿನಕ್ಕೆ ಸುಡಾನನ್ನು ಅಮಾನತು ಮಾಡಿತು. ಅದಕ್ಕೊಂದು ನಮಸ್ಕಾರ. ಅಂದಹಾಗೆ ನಾವೂ ಸಾಚಾ ಅಲ್ಲ. ಡಾರ್ಫರ್ ಹತ್ಯೆಗಳಿಗಾಗಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ವಾರಂಟ್ ಇದ್ದ ಬಷೀರ್‌ನನ್ನೇ 2015ರಲ್ಲಿ ದೆಹಲಿಯ ಶೃಂಗಸಭೆಗೆ ಕರೆದು ಕೂರಿಸಿದ್ದೆವು.

ಆಗಸ್ಟ್‌ನಲ್ಲಿ ಸೇನೆ ಮತ್ತು ಚಳವಳಿಗಾರರ ನಡುವೆ ಒಪ್ಪಂದವಾಯಿತು. ಯಾರ ಕೈಕೆಳಗಿನ ಪಡೆ ಗುಂಡು ಹಾರಿಸಿತ್ತೋ ಅವರೇ ಅಧಿಕಾರದ ಪಾಲುದಾರರು. ಸೇನೆಯ ಮುಖ್ಯಸ್ಥ ಬುರ್ಹಾನ್ ಆಡಳಿತ ಮಂಡಳಿಯ ಅಧ್ಯಕ್ಷ, ಆರ್‌ಎಸ್‌ಎಫ್‌ನ ಮುಖ್ಯಸ್ಥ ಹೆಮೆಡ್ಟಿ ಅವನ ಕೆಳಗೆ. ಹತ್ಯಾಕಾಂಡಕ್ಕೆ ತನಿಖಾ ಸಮಿತಿ ಮಾಡಿದರು. ಒಬ್ಬ ದೊಡ್ಡವನಿಗೂ ಶಿಕ್ಷೆಯಾಗಲಿಲ್ಲ. ನನ್ನ ತಕರಾರು ಇರುವುದೇ ಇಲ್ಲಿ. ಹೊರಗಿನ ದೇಶಗಳು ಪ್ರತಿ ಸಲ ಕೋವಿ ಹಿಡಿದವನನ್ನೇ ಮಾತುಕತೆಗೆ ಕರೆದವು. ‘ಸ್ಥಿರತೆ ಬೇಕು’ ಅಂದವು. ಕೊಂದರೂ ತನ್ನ ಕುರ್ಚಿಗೆ ಏನೂ ಆಗುವುದಿಲ್ಲ ಅಂತ ಅವನಿಗೆ ಗೊತ್ತಾಗಿಬಿಟ್ಟಿತು.

2021ರ ಅಕ್ಟೋಬರ್ 25ರಂದು ಇಬ್ಬರೂ ಸೇರಿ ಪ್ರಧಾನಿ ಹಮ್ದೋಕ್‌ರನ್ನು ಹಿಡಿದು ಒಳಗೆ ಹಾಕಿದರು. ಅಮೆರಿಕದ ವಿಶೇಷ ದೂತ ಈ ಸೇನಾನಾಯಕರೊಂದಿಗೆ ಮಾತಾಡಿ ಊರು ಬಿಟ್ಟು ಕೆಲವೇ ಗಂಟೆಯಾಗಿತ್ತು! ಈ ಸಲ ಅಮೆರಿಕ 70 ಕೋಟಿ ಡಾಲರ್ ನೆರವು ತಡೆಹಿಡಿಯಿತು, ವಿಶ್ವಬ್ಯಾಂಕೂ ಹಣ ನಿಲ್ಲಿಸಿತು. ಆದರೆ ತಿಂಗಳೊಳಗೆ ಸೇನೆ ಹಮ್ದೋಕ್‌ರನ್ನು ವಾಪಸ್ ಕೂರಿಸಿ ಇನ್ನೊಂದು ಒಪ್ಪಂದ ಬರೆಸಿಕೊಂಡಿತು. ಬೀದಿಯಲ್ಲಿದ್ದ ಹುಡುಗರು ಒಪ್ಪಲಿಲ್ಲ. ವಿಶ್ವಸಂಸ್ಥೆಯ ಗುಟೆರೆಸ್ ಅವರು ಅದನ್ನು ಒಪ್ಪಿಕೊಳ್ಳಿ ಅಂತ ಬುದ್ಧಿ ಹೇಳಿದ್ದು ಆ ಹುಡುಗರಿಗೆ! ಆರು ವಾರಕ್ಕೆ ಹಮ್ದೋಕ್ ರಾಜೀನಾಮೆ ಕೊಟ್ಟು ಹೋದರು. ಹುಡುಗರ ಮಾತೇ ಸರಿಯಾಗಿತ್ತು.

2023ರಲ್ಲಿ ಬುರ್ಹಾನ್, ಹೆಮೆಡ್ಟಿ ಪರಸ್ಪರ ತಿರುಗಿ ಬಿದ್ದರು. ಒಂದು ಕೋಟಿಗೂ ಹೆಚ್ಚು ಜನ ಮನೆ ಬಿಟ್ಟರು. 2024ರ ಜೂನ್‌ನಲ್ಲಿ ಎಲ್ ಫಾಶರ್ ಮುತ್ತಿಗೆ ನಿಲ್ಲಿಸಿ ಅಂತ ಭದ್ರತಾ ಮಂಡಳಿ ನಿರ್ಣಯ ಮಾಡಿತು. ಮುತ್ತಿಗೆ ಒಂದು ದಿನವೂ ನಿಲ್ಲಲಿಲ್ಲ. ಆರ್‌ಎಸ್‌ಎಫ್‌ಗೆ ಯುಎಇ ಶಸ್ತ್ರ ಕೊಡುತ್ತಿದೆ ಅನ್ನುವ ಆರೋಪ ನಂಬುವಂತಿದೆ ಎಂದು ವಿಶ್ವಸಂಸ್ಥೆಯ ತಜ್ಞರೇ ಬರೆದರು. ಯುಎಇ ಅಲ್ಲಗಳೆಯಿತು. ಶಾಂತಿ ಮಾತುಕತೆ ನಡೆಸುವ ನಾಲ್ಕು ದೇಶಗಳಲ್ಲಿ ಅದೂ ಒಂದು. 2025ರ ಅಕ್ಟೋಬರ್ 26ರಂದು ಊರು ಬಿತ್ತು. ಅಲ್ಲಿನ ಹೆರಿಗೆ ಆಸ್ಪತ್ರೆಯಲ್ಲಿ ರೋಗಿಗಳು, ಅವರ ಜೊತೆಗಿದ್ದವರು ಸೇರಿ 460ಕ್ಕೂ ಹೆಚ್ಚು ಜನರನ್ನು ಕೊಂದ ವರದಿ ಬಂದಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು.

2019ರ ಆ ಹುಡುಗ ಹುಡುಗಿಯರು ಎಲ್ಲಿ ಹೋದರು ಅಂತ ನಾನು ಹುಡುಕುತ್ತಿರುತ್ತೇನೆ. ಬಡಾವಣೆ ಬಡಾವಣೆಯಲ್ಲಿ ಪ್ರತಿರೋಧ ಸಮಿತಿ ಕಟ್ಟಿದ್ದವರಲ್ಲಿ ಬಹಳ ಜನ ಈಗ ಗಂಜಿಕೇಂದ್ರ ನಡೆಸುತ್ತಿದ್ದಾರೆ. ತಕಾಯಾ ಅನ್ನುತ್ತಾರೆ ಅದಕ್ಕೆ. ದೊಡ್ಡ ಹಂಡೆ, ಕೆಳಗೆ ಸೌದೆ, ಒಳಗೆ ಬೇಳೆಯೋ ಜೋಳದ ಹಿಟ್ಟೋ, ಸುತ್ತ ಪಾತ್ರೆ ಹಿಡಿದ ಮಕ್ಕಳು. 2025ರ ಆರಂಭದಲ್ಲಿ ಅಮೆರಿಕ ವಿದೇಶಿ ನೆರವು ನಿಲ್ಲಿಸಿದಾಗ ಇಂಥ ನೂರಾರು ಹಂಡೆಗಳ ಕೆಳಗೆ ಬೆಂಕಿ ಆರಿತು. ಉಳಿದವನ್ನು ಚಂದಾ ಎತ್ತಿ ಉರಿಸುತ್ತಿದ್ದಾರೆ. ಮುಂದಿನ ಶಾಂತಿ ಸಭೆ ಎಲ್ಲಿ ನಡೆದರೂ ಮೊದಲ ಕುರ್ಚಿ ಇವರಿಗೆ ಹಾಕಬೇಕು.