ಪರ-ವಿರೋಧ: ಲಕ್ಷಣವಿಲ್ಲದ ಪೊಂಪೆ ಮಗುವಿಗೂ ಆಗಾಗ ಮೆದುಳಿನ ಎಂಆರ್‌ಐ ಬೇಕೇ?

ಪರ: ಹೃದಯ ಉಳಿಯಿತು, ಮೆದುಳನ್ನೂ ನೋಡಿ

ಶೈಶವದಲ್ಲೇ ಕಾಣಿಸಿಕೊಳ್ಳುವ ಪೊಂಪೆ ಕಾಯಿಲೆಯಲ್ಲಿ ಆಸಿಡ್ ಆಲ್ಫಾ ಗ್ಲುಕೋಸಿಡೇಸ್ ಎಂಬ ಕಿಣ್ವ ಇಲ್ಲವೆನ್ನುವಷ್ಟು ಕಡಿಮೆ. ಒಡೆದು ಕರಗಬೇಕಾದ ಗ್ಲೈಕೋಜನ್ (ದೇಹ ಕೂಡಿಡುವ ಸಕ್ಕರೆ) ಜೀವಕೋಶಗಳ ಲೈಸೊಸೋಮ್‌ಗಳಲ್ಲಿ, ಅಂದರೆ ಬೇಡವಾದದ್ದನ್ನು ಒಡೆಯುವ ಪುಟ್ಟ ಚೀಲಗಳಲ್ಲಿ, ತುಂಬಿಕೊಳ್ಳುತ್ತದೆ. ಹೃದಯದ ಸ್ನಾಯು ದಪ್ಪಗಟ್ಟುತ್ತದೆ. ಚಿಕಿತ್ಸೆ ಸಿಗದ ಮಕ್ಕಳಲ್ಲಿ ಹೆಚ್ಚಿನವರು ಒಂದು ವರ್ಷವೂ ಬದುಕುತ್ತಿರಲಿಲ್ಲ. ಕೊರತೆಯಾದ ಕಿಣ್ವದ ಬದಲಿಗೆ ಕೊಡುವ, 2006ರಲ್ಲಿ ಒಪ್ಪಿಗೆ ಪಡೆದ ಆಲ್ಗ್ಲುಕೋಸಿಡೇಸ್ ಆಲ್ಫಾ ಎಂಬ ಔಷಧವನ್ನು ಎರಡು ವಾರಕ್ಕೊಮ್ಮೆ, ಕಿಲೋ ತೂಕಕ್ಕೆ 20 ಮಿಲಿಗ್ರಾಂ ಲೆಕ್ಕದಲ್ಲಿ ಡ್ರಿಪ್ ಮೂಲಕ ಕೊಡತೊಡಗಿದ ಮೇಲೆ ಎಷ್ಟೋ ಮಕ್ಕಳು ಶಾಲೆಯ ಮೆಟ್ಟಿಲು ಹತ್ತಿದರು. ಅವರು ಬೆಳೆದಂತೆಯೇ ಮೆದುಳಿನ ತೊಂದರೆಯೂ ಬೆಳಕಿಗೆ ಬಂತು.

ಈ ಕಿಣ್ವದ ಅಣು ದೊಡ್ಡದು. ರಕ್ತಕ್ಕೂ ಮೆದುಳಿಗೂ ನಡುವಿನ ತಡೆಗೋಡೆಯನ್ನು ಅದು ದಾಟುವುದಿಲ್ಲ. ಕೆಲವು ಕಡೆ ಕೊಡುವಂತೆ ವಾರಕ್ಕೊಮ್ಮೆ ಕಿಲೋ ತೂಕಕ್ಕೆ 40 ಮಿಲಿಗ್ರಾಂ ಕೊಟ್ಟರೆ ಸ್ನಾಯುಗಳಿಗೆ ಅನುಕೂಲವಾದೀತು; ಮೆದುಳಿನೊಳಗಿನ ಗ್ಲೈಕೋಜನ್ ಮಾತ್ರ ಇದ್ದಲ್ಲೇ ಇರುತ್ತದೆ. ಎಂಆರ್‌ಐನ ಫ್ಲೇರ್ ಎಂಬ ಬಗೆಯ ಚಿತ್ರದಲ್ಲಿ ಕುಹರಗಳ (ಮೆದುಳಿನೊಳಗಿನ ದ್ರವ ತುಂಬಿದ ಟೊಳ್ಳುಗಳ) ಸುತ್ತ ಮೊದಲು ಬೆಳ್ಳಗೆ ಹೊಳೆಯುವ ಪಟ್ಟಿ ಮೂಡುತ್ತದೆ. ವರ್ಷಗಳು ಕಳೆದಂತೆ ಅದು ಹೊರಭಾಗದ ಬಿಳಿ ದ್ರವ್ಯಕ್ಕೆ, ಅಂದರೆ ನರತಂತುಗಳಿರುವ ಭಾಗಕ್ಕೆ, ಹರಡಬಹುದು.

ಹಾಗಾಗಿ ಮುಂದೆ ಹೋಲಿಸಲು ಮೂಲಚಿತ್ರವೊಂದು ಬೇಕೇ ಬೇಕು. ಎರಡು ವರ್ಷದೊಳಗೆ ನರತಂತುಗಳನ್ನು ಸುತ್ತುವ ಮೈಲಿನ್ ಪೊರೆ ಇನ್ನೂ ಕಟ್ಟಿಕೊಳ್ಳುತ್ತಿರುತ್ತದೆ; ಆಗ ಕಾಣುವ ಹೊಳಪು ರೋಗದ್ದೋ ವಯಸ್ಸಿನದ್ದೋ ಹೇಳುವುದು ಕಷ್ಟ. ಅದು ಮುಗಿದ ಮೇಲೆ ಒಮ್ಮೆ, ಶಾಲೆಗೆ ಸೇರುವಾಗ ಒಮ್ಮೆ, ಆಮೇಲೆ ಕೆಲವು ವರ್ಷಗಳಿಗೊಮ್ಮೆ ಸಾಕು. ಸಾಧ್ಯವಾದರೆ ಅದೇ ಯಂತ್ರ, ಅದೇ ಕ್ರಮ. ಮೂಲಚಿತ್ರವಿಲ್ಲದಿದ್ದರೆ, ಮಗು ಒಂಬತ್ತನೇ ವಯಸ್ಸಿಗೆ ಪಾಠದಲ್ಲಿ ಹಿಂದೆ ಬಿದ್ದಾಗ ತೆಗೆದ ಚಿತ್ರವನ್ನು ಯಾವುದಕ್ಕೆ ಹೋಲಿಸುವುದು? ಮೆದುಳನ್ನು ಮುಟ್ಟುವ ಚಿಕಿತ್ಸೆಗಳ ಹುಡುಕಾಟ ನಡೆದಿದೆ. ಅವು ಬಂದಾಗ ಯಾರಿಗೆ, ಯಾವಾಗ ಕೊಡಬೇಕೆಂದು ತೀರ್ಮಾನಿಸಲೂ ಇದೇ ದಾಖಲೆ ಬೇಕಾಗುತ್ತದೆ.

ವಿರೋಧ: ಚಿತ್ರಕ್ಕಿಂತ ಮೊದಲು ಮಗುವನ್ನು ಪರೀಕ್ಷಿಸಿ

ಬಿಳಿ ಮಚ್ಚೆ ಎಷ್ಟಿದೆ ಎಂಬುದರಿಂದ ಮಗುವಿನ ಬುದ್ಧಿಶಕ್ತಿಯನ್ನು ಅಳೆಯಲಾಗದು. ಹೊಳಪು ಸಾಕಷ್ಟಿದ್ದೂ ತರಗತಿಯ ಜೊತೆ ಹೆಜ್ಜೆ ಹಾಕುವ ಮಕ್ಕಳಿದ್ದಾರೆ. ಮಚ್ಚೆ ಕಂಡ ಮಾತ್ರಕ್ಕೆ ಇಂದು ಬದಲಿಸಬಹುದಾದ ಔಷಧವೂ ಇಲ್ಲ. ಹೆತ್ತವರಿಗೆ ಉಳಿಯುವುದು ಆತಂಕವೊಂದೇ.

ಅಪಾಯವಂತೂ ನಿಜವಾದದ್ದು. ಚಿಕ್ಕ ಮಗು ಅಷ್ಟು ಹೊತ್ತು ಅಲುಗಾಡದೆ ಮಲಗದು, ಅರಿವಳಿಕೆ ಬೇಕು. ಪ್ರೊಪೊಫಾಲ್ ಎಂಬ ಅರಿವಳಿಕೆ ಔಷಧ ರಕ್ತನಾಳಗಳನ್ನು ಸಡಿಲಿಸುತ್ತದೆ, ರಕ್ತದೊತ್ತಡ ಇಳಿಯುತ್ತದೆ, ದಪ್ಪಗಟ್ಟಿದ ಹೃದಯಸ್ನಾಯುವಿಗೇ ರಕ್ತ ಸಾಲದಾಗಿ ಬಡಿತ ತಪ್ಪಬಹುದು. ಅಂಗಾತ ಮಲಗಿಸಿದರೆ ದುರ್ಬಲವಾದ ವಪೆ (ಉಸಿರಾಟದ ಮುಖ್ಯ ಸ್ನಾಯು) ಸೋಲುತ್ತದೆ. ದಪ್ಪ ನಾಲಿಗೆ ಉಸಿರುದಾರಿಗೆ ಅಡ್ಡ ಬರುತ್ತದೆ. ಅನಿವಾರ್ಯವಾದಾಗ ಮೊದಲು ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿಸಿ, ಈ ಕಾಯಿಲೆಯನ್ನು ಬಲ್ಲ ಅರಿವಳಿಕೆ ತಜ್ಞರ ಕೈಯಲ್ಲಿ, ಸಾಮಾನ್ಯವಾಗಿ ಕೆಟಮಿನ್ ಎಂಬ ಮತ್ತೊಂದು ಅರಿವಳಿಕೆ ಔಷಧದ ಆಧಾರದ ವಿಧಾನದಲ್ಲಿ ಮಾಡಬೇಕು. ಲಕ್ಷಣವೇ ಇಲ್ಲದ ಮಗುವನ್ನು ಬರೀ ದಾಖಲೆಗಾಗಿ ಇದಕ್ಕೆ ಒಡ್ಡುವುದು ನಮಗೆ ಸರಿಯೆನಿಸುವುದಿಲ್ಲ.

ಅದೇ ಶ್ರಮವನ್ನು ನರಮನೋವೈಜ್ಞಾನಿಕ ಪರೀಕ್ಷೆಗೆ, ಅಂದರೆ ಯೋಚನೆ, ನೆನಪು, ಗಮನಗಳನ್ನು ಅಳೆಯುವ ಪರೀಕ್ಷೆಗೆ, ಹಾಕಿ. ಇಲ್ಲೂ ಎಡವುವುದು ಸುಲಭ. ಅಂಕಿಯ ಕೆಳಗೆ ಅದಕ್ಕೆ ಗೊತ್ತುಮಾಡಿದ ಗುರುತನ್ನು ಎರಡು ನಿಮಿಷದಲ್ಲಿ ಆದಷ್ಟು ಬರೆಯುವ ಪರೀಕ್ಷೆಯೊಂದಿದೆ. ಮಗುವಿಗೆ ಉತ್ತರ ಗೊತ್ತಿರುತ್ತದೆ, ಆದರೆ ಭುಜ ಸೋತು ಪೆನ್ಸಿಲ್ ನಿಧಾನವಾಗುತ್ತದೆ. ಅಂಕ ಕುಸಿದದ್ದು ಮೆದುಳಿನಿಂದಲ್ಲ. ಆದ್ದರಿಂದ ಮೊದಲು ಕಿವಿ ಪರೀಕ್ಷೆ, ಏಕೆಂದರೆ ಶ್ರವಣದೋಷ ಈ ಮಕ್ಕಳಲ್ಲಿ ಸಾಮಾನ್ಯ. ಡ್ರಿಪ್ ಹಾಕಿದ ದಿನ ಬೇಡ. ಬೆಳಿಗ್ಗೆ, ಮೊಣಕೈಗೆ ಆಸರೆಯಿರುವ ಕುರ್ಚಿಯಲ್ಲಿ ಕೂರಿಸಿ. ಮುಖದ ಸ್ನಾಯು ಸೋತು ಮಾತು ಅಸ್ಪಷ್ಟವಾಗಿದ್ದರೆ, ಬೆರಳು ತೋರಿಸಿ ಉತ್ತರಿಸುವ, ಗಡಿಯಾರದ ಒತ್ತಡವಿಲ್ಲದ ಪರೀಕ್ಷೆಯನ್ನು ಜೊತೆಗಿಡಿ. ಎರಡರಲ್ಲೂ ಅಂಕ ಇಳಿಯತೊಡಗಿದರೆ ಎಂಆರ್‌ಐ ಮಾಡಿಸಲೇಬೇಕು. ಅರಿವಳಿಕೆಯಿಲ್ಲದೆ ಸುಮ್ಮನೆ ಮಲಗಬಲ್ಲ ವಯಸ್ಸು ಬಂದ ಮೇಲೆ ಮೂಲಚಿತ್ರ ತೆಗೆಯುವುದಕ್ಕೂ ನಮ್ಮ ತಕರಾರಿಲ್ಲ.

ಯೋಚನೆಯ ವೇಗ ಕುಗ್ಗಿದ ಮಗುವಿಗೆ ಶಾಲೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೊಡಬೇಕೇ, ಬರೆಯುವವರ ನೆರವು ಕೊಡಬೇಕೇ ಎಂಬುದನ್ನು ತಿಳಿಸುವುದು ಈ ಪರೀಕ್ಷೆಗಳ ವರದಿಯೇ. ಫ್ಲೇರ್ ಚಿತ್ರವನ್ನು ಶಿಕ್ಷಕರ ಕೈಗಿಟ್ಟರೆ ಅದರಿಂದ ಅವರಿಗೆ ಏನೂ ಗೊತ್ತಾಗುವುದಿಲ್ಲ.