ಅವಳ ಹೆಸರು ಎಲಿಜಬೆತ್

ನಿನ್ನೆ ರಾತ್ರಿ ಫೇಸ್‌ಬುಕ್ಕಿನಲ್ಲಿ ಒಂದು ಫೋಟೋ ಕಣ್ಣಿಗೆ ಬಿತ್ತು. ಪಟ್ಟೆ ಲಂಗದ ಹೆಂಗಸು, ಕೈಯಲ್ಲಿ ಬುಟ್ಟಿ, ನೋಟ ನೆಲದ ಕಡೆ. ಯಾರೋ ಕಂಪ್ಯೂಟರಿನಲ್ಲಿ ಬಣ್ಣ ಬಳಿದಿದ್ದರು: ಕೆನ್ನೆಗೆ ಗುಲಾಬಿ, ಲಂಗಕ್ಕೆ ಕೆಂಪು. ಮೇಲೆ ಬರೆದದ್ದು ಇಷ್ಟೇ, ‘ಹಳೇ ಸ್ಕಾಟ್ಲೆಂಡಿನ ಮೀನುಗಾರ್ತಿ’. ಸಾವಿರಾರು ಲೈಕು.

ನನಗೆ ಮೈಯೆಲ್ಲ ಉರಿಯಿತು. ಆಕೆಗೆ ಹೆಸರಿದೆ ಕಣ್ರೀ. ಎಲಿಜಬೆತ್ ಜಾನ್‌ಸ್ಟೋನ್ ಹಾಲ್. ಊರು ನ್ಯೂಹೇವನ್. ಎಡಿನ್‌ಬರೋ ಪಕ್ಕದ ಮೀನುಗಾರರ ಹಳ್ಳಿ ಅದು, ಈಗ ನಗರದ ಹೊಟ್ಟೆಯೊಳಗೇ ಸೇರಿಹೋಗಿದೆ. ಅಲ್ಲಿನ ಹೆಂಗಸರು ಮೀನಿನ ಬುಟ್ಟಿ ಬೆನ್ನಿಗೇರಿಸಿ, ಅದರ ಪಟ್ಟಿಯನ್ನು ಹಣೆಗೆ ಕೊಟ್ಟು, ನಗರದ ಏರು ಹತ್ತಿ ಮನೆಮನೆಗೆ ಮಾರುತ್ತಿದ್ದರು.

ಫೋಟೋ ತೆಗೆದವರು ಡೇವಿಡ್ ಆಕ್ಟೇವಿಯಸ್ ಹಿಲ್ ಮತ್ತು ರಾಬರ್ಟ್ ಆಡಮ್ಸನ್. ಒಬ್ಬ ಚಿತ್ರಕಾರ, ಇನ್ನೊಬ್ಬನಿಗೆ ಕ್ಯಾಮೆರಾ, ರಾಸಾಯನಿಕಗಳ ಹಿಡಿತ. 1843ರಲ್ಲಿ ಜೊತೆಯಾದರು. 1848ರಲ್ಲಿ ಆಡಮ್ಸನ್ ತೀರಿಕೊಂಡ, ವಯಸ್ಸು ಬರೀ 26. ಅಷ್ಟರಲ್ಲೇ ನ್ಯೂಹೇವನ್ ಒಂದರಲ್ಲೇ ನೂರಕ್ಕೂ ಹೆಚ್ಚು ಚಿತ್ರ. ನೆಗೆಟಿವ್ ಕಾಗದದ್ದು, ಹಾಗಾಗಿ ಚಿತ್ರ ಸ್ವಲ್ಪ ಒರಟೊರಟು. ಒಳ್ಳೇ ಬಿಸಿಲಿದ್ದರೂ ಫೋಟೋ ಮೂಡುವವರೆಗೆ ಅಲುಗಾಡದೆ ನಿಲ್ಲಬೇಕಿತ್ತು. ಅದಕ್ಕೇ ಆ ಫೋಟೋಗಳಲ್ಲಿ ಎಲ್ಲರೂ ಗೋಡೆಗೋ ದೋಣಿಗೋ ಪಕ್ಕದವಳ ಹೆಗಲಿಗೋ ಒರಗಿರುತ್ತಾರೆ. ಅಲೆ ಸೀಳಿ ಹೊರಟ ದೋಣಿಯನ್ನು ಹುಡುಕಬೇಡಿ, ಸಿಗೋದಿಲ್ಲ.

1931ರಲ್ಲಿ ಜರ್ಮನಿಯ ವಾಲ್ಟರ್ ಬೆಂಜಮಿನ್ ಫೋಟೋಗ್ರಫಿಯ ಬಗ್ಗೆ ಬರೆಯುತ್ತಾ ಇದೇ ಮೀನುಗಾರ್ತಿಯ ಮುಂದೆ ನಿಂತುಬಿಡುತ್ತಾನೆ. ನೆಲ ನೋಡುವ ಈ ಹೆಂಗಸಿನ ಹೆಸರೇನು ಎಂಬ ಹಟ ಅವನನ್ನು ಹಿಡಿಯುತ್ತದೆ. ಅಷ್ಟು ದೊಡ್ಡ ಚಿಂತಕನಿಗೆ ಬೇಕಾದದ್ದು ಒಂದು ಹೆಸರು. ನಮಗೆ ಆ ಹೆಸರು ಕೈಯಲ್ಲೇ ಇದೆ, ಆದರೂ ಕತ್ತರಿಸಿ ಎಸೆದು ಕೆನ್ನೆಗೆ ಗುಲಾಬಿ ಬಳಿಯುತ್ತೇವೆ!

ಅದೇ ಊರಿನ ಇನ್ನೊಂದು ಚಿತ್ರ: ದೋಣಿಗೆ ಒರಗಿದ ಗಂಡಸು, ಅದರ ಬುಡದಲ್ಲಿ ಬರಿಗಾಲಿನ ಮೂರು ಮಕ್ಕಳು. ಎಡಿನ್‌ಬರೋದ ರಾಷ್ಟ್ರೀಯ ಗ್ಯಾಲರಿಯ ದಾಖಲೆಯಲ್ಲಿ ಅವನು ‘ಸ್ಯಾಂಡಿ ಅಥವಾ ಜೇಮ್ಸ್ ಲಿಂಟನ್’. ಆ ‘ಅಥವಾ’ ನನಗೆ ತುಂಬಾ ಇಷ್ಟ. ಖಾತ್ರಿಯಿಲ್ಲ, ಆದರೂ ಬಿಟ್ಟುಕೊಡಲಿಲ್ಲ ನೋಡಿ.

ಹೆಸರು ಉಳಿಯದವರೇ ಜಾಸ್ತಿ, ಅದೂ ಗೊತ್ತು. ಹೆರಿಂಗ್ ಹುಡುಗಿಯರನ್ನೇ ತಗೊಳ್ಳಿ. (ಹೆರಿಂಗ್ ಅಂದರೆ ನಮ್ಮ ಬೂತಾಯಿ ಮೀನಿನ ಸಂಬಂಧಿ.) ಮೀನಿನ ಹಿಂಡು ಹೋದ ಕಡೆ ದೋಣಿ, ದೋಣಿ ಹೋದ ಕಡೆ ಇವರು, ಸ್ಕಾಟ್ಲೆಂಡಿನ ಉತ್ತರದ ಶೆಟ್‌ಲ್ಯಾಂಡ್ ದ್ವೀಪಗಳಿಂದ ಇಂಗ್ಲೆಂಡಿನ ಯಾರ್ಮತ್‌ವರೆಗೆ. ಮೂವರ ತಂಡ: ಇಬ್ಬರು ಚಾಕು ಹಿಡಿದು ಕರುಳು ತೆಗೆಯೋರು, ಒಬ್ಬಳು ಉಪ್ಪು ಹಾಕಿ ಪೀಪಾಯಿಗೆ ಜೋಡಿಸೋಳು. ಫೋಟೋಗಳಲ್ಲಿ ಇವರ ಬೆರಳು ದೊಡ್ಡದು ಮಾಡಿ ನೋಡಿ. ಒಂದೊಂದಕ್ಕೂ ಬಟ್ಟೆ ಚೂರು ಸುತ್ತಿ ದಾರ ಕಟ್ಟಿರುತ್ತದೆ. ಚಾಕು ತಾಗಿದ ಗಾಯಕ್ಕೆ ಉಪ್ಪು ಇಳಿದರೆ ಹೇಗಿರುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ. ಬಣ್ಣ ಬಳಿಯೋ ಸಾಫ್ಟ್‌ವೇರ್ ಆ ಬಟ್ಟೆಯನ್ನೂ ಚರ್ಮ ಅಂದುಕೊಂಡು ಬೆರಳಿನ ಬಣ್ಣವೇ ಹಚ್ಚಿದ್ದನ್ನು ನಾನೇ ನೋಡಿದ್ದೇನೆ.

ಸ್ಕಾಟ್ಲೆಂಡಿನ ಉತ್ತರದ ವಿಕ್ ಬಂದರಿನಲ್ಲಿ ಜಾನ್‌ಸ್ಟನ್ ಕುಟುಂಬದ ಮೂರು ತಲೆಮಾರು 1863ರಿಂದ 1975ರವರೆಗೆ ಊರಿನ ಫೋಟೋ ತೆಗೆಯಿತು. ಬಂದರು, ಮದುವೆ, ಪೀಪಾಯಿ ಸಾಲು, ಎಲ್ಲ. ಸಾವಿರ ಸಾವಿರ ಗಾಜಿನ ಫಲಕಗಳನ್ನು ಈಗ ಊರಿನವರ ಸಂಘವೇ ಕಾಯುತ್ತಿದೆ. ಇಂಥ ಕಡೆ ಯಾರಾದರೂ ಅಜ್ಜಿ ಬಂದು, ‘ಎಡದಿಂದ ಎರಡನೆಯವಳು ನಮ್ಮತ್ತೆ’ ಅಂದರೆ ಅದಕ್ಕಿಂತ ದೊಡ್ಡ ಸಂಶೋಧನೆ ಬೇರೆ ಬೇಕಾ?

ಇರಲಿ. ಆ ಪೋಸ್ಟಿನ ಕೆಳಗೆ ಎಲಿಜಬೆತ್ ಹೆಸರು, ಊರು, ಫೋಟೋ ತೆಗೆದವರ ಹೆಸರು ಎಲ್ಲ ಬರೆದೆ. ಎರಡು ಲೈಕ್ ಬಂತು. ಬೆಳಿಗ್ಗೆ ನೋಡಿದರೆ ಆ ಪೇಜಿನವರು ಹೊಸದೊಂದು ಹಾಕಿದ್ದಾರೆ: ದೋಣಿ, ಗಂಡಸು, ಬರಿಗಾಲಿನ ಮೂರು ಮಕ್ಕಳು. ದೋಣಿಗೆ ಹಸಿರು ಬಣ್ಣ.