ಬಾಯಿ ಬಿಟ್ಟ ಸ್ಟರ್ಲಿಂಗ್ ಹೇಡನ್: ಕ್ಷಮಿಸಬಹುದಾ?

'ದಿ ಗಾಡ್‌ಫಾದರ್' ನೋಡಿದವರು ಆ ಹೋಟೆಲ್ ದೃಶ್ಯ ಮರೆಯುವುದಿಲ್ಲ. ಲಂಚಕೋರ ಪೊಲೀಸ್ ಕ್ಯಾಪ್ಟನ್ ಊಟಕ್ಕೆ ಕೂತಿರುತ್ತಾನೆ. ಫೋರ್ಕ್ ಕೈಯಲ್ಲಿ ಇದ್ದ ಹಾಗೇ ಮೈಕಲ್ ಹಾರಿಸಿದ ಗುಂಡು ಗಂಟಲಿಗೆ ಬೀಳುತ್ತದೆ. ಆ ಪಾತ್ರ ಮಾಡಿದ ಎತ್ತರದ ಆಳು ಸ್ಟರ್ಲಿಂಗ್ ಹೇಡನ್.

ಅದಕ್ಕೂ 21 ವರ್ಷ ಮೊದಲು, 1951ರ ಏಪ್ರಿಲ್ 10ರಂದು, ಹೇಡನ್ ವಾಷಿಂಗ್ಟನ್‌ನಲ್ಲಿ ಸಂಸತ್ತಿನ ಒಂದು ಸಮಿತಿಯ ಮುಂದೆ ಕೂತಿದ್ದರು. ಹಾಲಿವುಡ್‌ನಲ್ಲಿ ಕಮ್ಯುನಿಸ್ಟರು ಯಾರ್ಯಾರು ಎಂದು ಹುಡುಕುತ್ತಿದ್ದ ಸಮಿತಿ ಅದು. 1946ರಲ್ಲಿ ಕೆಲವೇ ತಿಂಗಳು ಪಕ್ಷದಲ್ಲಿದ್ದೆ ಎಂದು ಹೇಡನ್ ಒಪ್ಪಿಕೊಂಡರು. ಅಷ್ಟಕ್ಕೇ ನಿಲ್ಲಲಿಲ್ಲ. ಜೊತೆಗಿದ್ದವರ ಹೆಸರನ್ನೂ ಹೇಳಿದರು. ಆಮೇಲೆ ಆ ದಿನವನ್ನು ನೆನೆದು ತಮ್ಮನ್ನೇ ತಾವು ಹಳಿದುಕೊಂಡರು.

ಅವರನ್ನು ಕ್ಷಮಿಸಬಹುದಾ? ನನ್ನೊಳಗೆ ಎರಡು ಉತ್ತರಗಳಿವೆ. ಎರಡನ್ನೂ ಮನಸಾರೆ ಬರೆಯುತ್ತಿದ್ದೇನೆ.

ಪರ: ಕ್ಷಮಿಸಬಹುದು

ಹೇಡನ್ ಹೇಡಿಯಲ್ಲ. ಇದನ್ನು ಮೊದಲು ಹೇಳಿಬಿಡಬೇಕು. ಹದಿಹರೆಯದಲ್ಲೇ ಶಾಲೆ ಬಿಟ್ಟು ಹಾಯಿ ಹಡಗು ಹತ್ತಿದವರು. 22ನೇ ವಯಸ್ಸಿಗೇ ಕ್ಯಾಪ್ಟನ್ ಆಗಿ, ಅಮೆರಿಕದ ಗ್ಲೌಸ್ಟರ್ ಬಂದರಿನಿಂದ ತಹಿಟಿಯವರೆಗೆ ಹಡಗು ಒಯ್ದವರು. ಎರಡನೇ ಮಹಾಯುದ್ಧ ಬಂದಾಗ ಸ್ಟಾರ್ ಪಟ್ಟ ಬಿಟ್ಟು ಜಾನ್ ಹ್ಯಾಮಿಲ್ಟನ್ ಎಂಬ ಬೇರೆ ಹೆಸರಿನಲ್ಲಿ ಸೇನೆ ಸೇರಿದರು. ಜರ್ಮನ್ನರ ಕಣ್ಣು ತಪ್ಪಿಸಿ, ಇಟಲಿಯಿಂದ ಆಡ್ರಿಯಾಟಿಕ್ ಸಮುದ್ರ ದಾಟಿ, ಯುಗೊಸ್ಲಾವಿಯಾದ ಪಾರ್ಟಿಸಾನ್ ಹೋರಾಟಗಾರರಿಗೆ ಶಸ್ತ್ರಾಸ್ತ್ರ ಮುಟ್ಟಿಸಿದರು. ಅಮೆರಿಕ ಸರ್ಕಾರ ಸಿಲ್ವರ್ ಸ್ಟಾರ್ ಪದಕ ಕೊಟ್ಟಿತು. ಆ ಪಾರ್ಟಿಸಾನ್‌ಗಳು ಟಿಟೊ ನಾಯಕತ್ವದ ಕಮ್ಯುನಿಸ್ಟರು. ಅವರ ಧೈರ್ಯ ಕಂಡು ಬಂದವರಿಗೆ ಆ ಪಕ್ಷದ ಮೇಲೆ ಒಲವು ಹುಟ್ಟಿದ್ದರಲ್ಲಿ ಆಶ್ಚರ್ಯವೇನು?

ಅಂಥವರೂ ಬಾಗಿದರು ಎಂದರೆ ಆ ಕಾಲದ ಹೆದರಿಕೆ ಎಂಥದ್ದಿರಬೇಕು, ಅಲ್ವಾ? ಸಮಿತಿಯ ಮುಂದೆ ಬಾಯಿ ಬಿಡದ ಹತ್ತು ಮಂದಿ ಸಿನಿಮಾದವರು, 'ಹಾಲಿವುಡ್ ಟೆನ್', ಆಗಲೇ ಜೈಲು ಸೇರಿದ್ದರು. ಹೇಡನ್‌ಗಿಂತ ಮೂರು ವಾರ ಮೊದಲು ಇದೇ ಸಮಿತಿ ಮುಂದೆ ನಟ ಲ್ಯಾರಿ ಪಾರ್ಕ್ಸ್ ಬಂದಿದ್ದರು. ಬೇರೆಯವರ ಹೆಸರು ಹೇಳಿಸಬೇಡಿ ಎಂದು ಅಂಗಲಾಚಿದ್ದರು. ಅವರನ್ನೂ ಬಿಡಲಿಲ್ಲ. ಗುಂಡಿನ ಮುಂದೆ ನಿಲ್ಲುವುದು ಒಂದು ಧೈರ್ಯ. ಮನೆಯಲ್ಲಿ ಪುಟ್ಟ ಮಕ್ಕಳಿರುವಾಗ ದುಡಿಮೆ ಕಳೆದುಕೊಳ್ಳಲು ಸಿದ್ಧರಾಗುವುದು ಬೇರೆಯೇ ಧೈರ್ಯ. ಮೊದಲನೆಯದು ಇದ್ದವರಲ್ಲೆಲ್ಲ ಎರಡನೆಯದೂ ಇರಬೇಕೆಂದು ಕೇಳುವುದು ಜಾಸ್ತಿಯಾಯಿತು.

1954ರ 'ಜಾನಿ ಗಿಟಾರ್' ಸಿನಿಮಾ ನೋಡಿ. ಜಾನಿಯಾಗಿ ನಟಿಸಿದವರು ಇದೇ ಹೇಡನ್. ಅದರಲ್ಲಿ ಗಾಯಗೊಂಡ ಒಬ್ಬ ಹುಡುಗನನ್ನು ಊರಿನ ಗುಂಪು ಸುತ್ತುವರಿಯುತ್ತದೆ. ದರೋಡೆಯಲ್ಲಿ ವಿಯೆನ್ನಾ ಎಂಬ ಹೆಂಗಸೂ ಇದ್ದಳು ಅಂತ ಹೇಳು, ನಿನ್ನನ್ನು ಬಿಡ್ತೀವಿ ಎನ್ನುತ್ತದೆ. ಅವಳು ನಿರಪರಾಧಿ. ಹುಡುಗ ಅವಳ ಕಡೆಗೇ ತಿರುಗಿ ಏನು ಮಾಡಲಿ ಎಂದು ಕೇಳುತ್ತಾನೆ. ವಿಯೆನ್ನಾ ಕೊಡುವ ಉತ್ತರ ಒಂದೇ: ನಿನ್ನ ಜೀವ ಉಳಿಸಿಕೊ. ಹುಡುಗ ಹೂಂ ಅನ್ನುತ್ತಾನೆ. ಆದರೂ ಅವನನ್ನು ನೇಣಿಗೆ ಹಾಕುತ್ತಾರೆ. ನನಗಂತೂ ಆ ಹುಡುಗನ ಮೇಲೆ ಸಿಟ್ಟು ಬರಲೇ ಇಲ್ಲ. ಸಿಟ್ಟೆಲ್ಲ ಬಂದದ್ದು ಹಗ್ಗ ಹಿಡಿದವರ ಮೇಲೆ. ಹೇಡನ್ ವಿಷಯದಲ್ಲೂ ತಪ್ಪಿತಸ್ಥರ ಸಾಲಿನಲ್ಲಿ ಮೊದಲು ನಿಲ್ಲಬೇಕಾದದ್ದು ಆ ಸಮಿತಿ.

ಇನ್ನೂ ಒಂದು ಮಾತು. ಬಾಯಿ ಬಿಟ್ಟವರಲ್ಲಿ ಎಷ್ಟೋ ಜನ ಕೊನೆವರೆಗೂ 'ನಾನು ಮಾಡಿದ್ದೇ ಸರಿ' ಎಂದರು. ಹೇಡನ್ ಹಾಗೆ ಮಾಡಲಿಲ್ಲ. 1963ರ ತಮ್ಮ ಆತ್ಮಕಥೆಯಲ್ಲಿ ಆ ಕೆಲಸವನ್ನು ಬಯಲಿಗಿಟ್ಟು, ತಮ್ಮ ಬಗ್ಗೆ ತಮಗೇ ಹೇಸಿಗೆ ಎಂದು ಬರೆದರು. ಅದನ್ನು ಬರೆ ಎಂದು ಯಾರೂ ಅವರ ಕುತ್ತಿಗೆ ಹಿಡಿದಿರಲಿಲ್ಲ.

ವಿರೋಧ: ಆಗುವುದಿಲ್ಲ

ಆ ಹುಡುಗನಿಗೆ 'ಹೇಳು' ಎಂದವಳು ವಿಯೆನ್ನಾ. ಹೆಸರು ಅವಳದು, ಕುತ್ತಿಗೆಯೂ ಅವಳದು. ಹಾಗಾಗಿ ಆ ಮಾತು ಅವಳ ಬಾಯಲ್ಲಿ ದೊಡ್ಡದಾಗಿ ಕೇಳುತ್ತದೆ. ಹೇಡನ್ ಹೆಸರಿಸಿದವರನ್ನು ಮೊದಲು ಯಾರು ಕೇಳಿದ್ದರು? ಅವರ ಪರವಾಗಿ ನಾವು, ಇಷ್ಟು ವರ್ಷ ಆದಮೇಲೆ ಆರಾಮಾಗಿ ಸಿನಿಮಾ ನೋಡುವವರು, ಕ್ಷಮಿಸಿಬಿಡುವುದು ಹೇಗೆ?

ಹೇಡನ್‌ರನ್ನು ಏಕಾಏಕಿ ಎಳೆದು ತಂದದ್ದೂ ಅಲ್ಲ. 1950ರಲ್ಲೇ ಅವರ ವಕೀಲರು ಎಫ್‌ಬಿಐ ಮುಖ್ಯಸ್ಥ ಎಡ್ಗರ್ ಹೂವರ್ ಅವರಿಗೆ ಪತ್ರ ಬರೆದಿದ್ದರು. ಅಮೆರಿಕ ಕಮ್ಯುನಿಸ್ಟರ ವಿರುದ್ಧ ಕಾದಾಡಿದ ಕೊರಿಯಾ ಯುದ್ಧ ಶುರುವಾಗಿತ್ತು. ಹೇಡನ್ ಹಳೆಯದನ್ನೆಲ್ಲ ತೊಳೆದುಕೊಳ್ಳುವ ದಾರಿ ಹುಡುಕುತ್ತಿದ್ದರು. ಯೋಚಿಸಲು ತಿಂಗಳುಗಟ್ಟಲೆ ಸಮಯ ಇತ್ತು.

ಸಮಿತಿಗೆ ಎಷ್ಟೋ ಹೆಸರು ಮೊದಲೇ ಗೊತ್ತಿತ್ತು, ಇವರು ಹೇಳಿದ್ದರಿಂದ ಹೊಸದಾಗಿ ಏನಾಯಿತು ಎಂದು ಕೆಲವರು ಕೇಳುತ್ತಾರೆ. ನನಗೆ ಇದು ಇನ್ನೂ ಕೆಟ್ಟದಾಗಿ ಕಾಣುತ್ತದೆ. ಗೊತ್ತಿದ್ದನ್ನೇ ಯಾಕೆ ಕೇಳುತ್ತಿದ್ದರು? ಪದಕ ಗೆದ್ದ ಯೋಧ, ಬೆಳ್ಳಿತೆರೆಯ ನಾಯಕ ಎಲ್ಲರೆದುರು ತಲೆಬಾಗಿದರೆ, ಮುಂದಿನವರಿಗೆ ತಲೆ ಎತ್ತುವುದು ಇನ್ನೂ ಕಷ್ಟ. ಆ ಕೆಲಸಕ್ಕೇ ಹೇಡನ್ ಬೇಕಾಗಿದ್ದರು. ಅವರ ಧೈರ್ಯದ ಹೆಸರೇ ಸಮಿತಿಗೆ ಆಸರೆಯಾಯಿತು.

ಬಾಗದೆ ಇರುವುದು ಆಗುತ್ತಿರಲಿಲ್ಲವಾ? 1951ರ ಅದೇ ಏಪ್ರಿಲ್ 23ನೇ ತಾರೀಕು ನಟ ಜಾನ್ ಗಾರ್ಫೀಲ್ಡ್ ಅದೇ ಸಮಿತಿ ಮುಂದೆ ಬಂದರು. ಹೇಡನ್‌ಗಿಂತ ದೊಡ್ಡ ಸ್ಟಾರ್, ಕಳೆದುಕೊಳ್ಳುವುದೂ ಜಾಸ್ತಿ ಇತ್ತು. ಒಬ್ಬರ ಹೆಸರನ್ನೂ ಹೇಳಲಿಲ್ಲ. ಹಾಲಿವುಡ್‌ನಲ್ಲಿ ಕೆಲಸ ನಿಂತುಹೋಯಿತು. ಮುಂದಿನ ವರ್ಷ ಮೇ ತಿಂಗಳಲ್ಲಿ ಹೃದಯ ನಿಂತಿತು. ಆಗ ಅವರಿಗೆ 39 ವರ್ಷ.

ಹೇಡನ್‌ಗೆ ಮಾತ್ರ ಸಿನಿಮಾ ಮೇಲೆ ಸಿನಿಮಾ ಸಿಕ್ಕವು. 1956ರ 'ದಿ ಕಿಲ್ಲಿಂಗ್' ನನಗೆ ತುಂಬ ಇಷ್ಟ. ಕೊನೆಯಲ್ಲಿ ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸ್ ಬಿದ್ದು ಬಾಯಿ ತೆರೆದು, ಪ್ರೊಪೆಲರ್ ಗಾಳಿಗೆ ನೋಟುಗಳು ಹಾರಿಹೋಗುವಾಗ ಸುಮ್ನೆ ನಿಂತು ನೋಡುವ ಆ ಮುಖ ಈಗಲೂ ಕಣ್ಣಿಗೆ ಕಟ್ಟಿದೆ. ಆದರೆ ಆ ಹೊತ್ತಿನಲ್ಲಿ ಎಷ್ಟು ನಟರಿಗೆ ಕ್ಯಾಮೆರಾ ಮುಂದೆ ನಿಲ್ಲುವ ಅವಕಾಶವೇ ಇರಲಿಲ್ಲ!

ಪಶ್ಚಾತ್ತಾಪದ ಪುಸ್ತಕ ಬಂದದ್ದು 1963ರಲ್ಲಿ. ಅಷ್ಟರಲ್ಲಿ ಕಪ್ಪುಪಟ್ಟಿಯ, ಅಂದರೆ ಹಾಲಿವುಡ್ ಕೆಲಸ ಕೊಡದೆ ಹೊರಗಿಟ್ಟವರ ಪಟ್ಟಿಯ, ಗೋಡೆ ಬಿರುಕು ಬಿಟ್ಟಿತ್ತು. 'ಹಾಲಿವುಡ್ ಟೆನ್'ನಲ್ಲಿ ಒಬ್ಬರಾಗಿ ಜೈಲಿಗೆ ಹೋಗಿ ಬಂದ ಚಿತ್ರಕಥೆಗಾರ ಡಾಲ್ಟನ್ ಟ್ರಂಬೊ ಅವರ ಹೆಸರು 1960ರಲ್ಲೇ ತೆರೆಯ ಮೇಲೆ ಮತ್ತೆ ಬಂದಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹೇಡನ್ ಸುಳ್ಳು ಅತ್ತರು ಎಂದು ನಾನು ಹೇಳುತ್ತಿಲ್ಲ. ಆ ನೋವು ನಿಜ. ಆದರೆ ಅವರ ನೋವಿನಿಂದ ಬೇರೆಯವರ ಹೋದ ಕೆಲಸ ವಾಪಸ್ ಬರಲಿಲ್ಲ.

1959ರಲ್ಲಿ ಕೋರ್ಟು ಬೇಡವೆಂದರೂ ಕೇಳದೆ, ತಮ್ಮ ನಾಲ್ಕು ಮಕ್ಕಳನ್ನು ಹಡಗಿಗೆ ಹತ್ತಿಸಿಕೊಂಡು ಹೇಡನ್ ತಹಿಟಿಗೆ ಹೊರಟರು. ಇದನ್ನು ಓದಿದಾಗೆಲ್ಲ ನನಗೆ ಬೇಸರವಾಗುತ್ತದೆ. ದೊಡ್ಡವರಿಗೆ 'ಆಗಲ್ಲ' ಎನ್ನುವ ಶಕ್ತಿ ಅವರಲ್ಲಿತ್ತು. ಎಂಟು ವರ್ಷ ಮೊದಲು, ಇತರರಿಗಾಗಿ ಅದನ್ನು ಬಳಸಲಿಲ್ಲ.

ಹೇಡನ್ ಹೇಳಿದ ಹೆಸರುಗಳಲ್ಲಿ ಒಂದು ಕರೆನ್ ಮಾರ್ಲಿ. 1932ರ 'ಸ್ಕಾರ್‌ಫೇಸ್'ನಲ್ಲಿ ನಟಿಸಿದವರು. 1952ರಲ್ಲಿ ಸಮಿತಿ ಅವರನ್ನೂ ಕರೆಸಿತು. ಅವರು ಉತ್ತರ ಕೊಡಲಿಲ್ಲ. ಹಾಲಿವುಡ್ ಅವರನ್ನು ಹೊರಗಿಟ್ಟಿತು. 1986ರಲ್ಲಿ ಹೇಡನ್ ತೀರಿಕೊಂಡ ಮೇಲೂ ಮಾರ್ಲಿ ಸುಮಾರು 17 ವರ್ಷ ಬದುಕಿದ್ದರು.